ಐದಡಿ ಹಲಗೆ ಮೇಲೆ ಒಂದು ಕ್ರಾಸಿಂಗ್ ಸ್ಟೇಷನ್

ಮೊದಲನೇ ಸಲ ಹಾಕಿದ ಆಟಿಕೆ ರೈಲಿನ ಲೇಔಟ್‌ನಲ್ಲಿ ಒಂಬತ್ತು ಪಾಯಿಂಟ್ ಇತ್ತು, ಅಂದ್ರೆ ಗಾಡಿಯನ್ನ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸೋ ಕವಲು. 5 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್ ತುಂಡು, ಅದರ ಮೇಲೆ ಒಂದರೊಳಗೊಂದು ಎರಡು ಸುತ್ತು ಹಳಿ, ಒಂದರಿಂದ ಇನ್ನೊಂದಕ್ಕೆ ದಾಟೋಕೆ ಕ್ರಾಸ್‌ಓವರ್, ಒಳಗಡೆ ಉಳಿದ ಜಾಗದಲ್ಲೆಲ್ಲ ಸೈಡಿಂಗು, ಅಂದ್ರೆ ವ್ಯಾಗನ್ ನಿಲ್ಲಿಸೋ ಪಕ್ಕದ ಹಳಿ. ಅಂಗೈ ಇಡೋಕೂ ಖಾಲಿ ಜಾಗ ಇರ್ಲಿಲ್ಲ. ಅಷ್ಟು ಚಿಕ್ಕ ಹಲಗೆಯಲ್ಲಿ ಎಷ್ಟೊಂದು ಹಳಿ ಕೂರಿಸಿಬಿಟ್ಟೆ ಅಂತ ನಂಗೆ ಖುಷಿಯೋ ಖುಷಿ. ಮಗಳು ಮೂರು ದಿನ ಓಡಿಸಿದಳು. ನಾಲ್ಕನೇ ದಿನ ಸಂಜೆ "ರೈಲು ಹಾಕೋಣ್ವಾ ಪುಟ್ಟಿ" ಅಂತ ಕೇಳಿದ್ರೆ "ಬೇಡಮ್ಮ, ಅದು ಸುತ್ತುತ್ತೆ ಅಷ್ಟೇ" ಅಂದಳು.

ಅವಳು ಹೇಳಿದ್ದು ನಿಜಾನೇ. ಆ ಹಲಗೆ ಮೇಲೆ ಇಂಜಿನ್ ಒಂದು ಸುತ್ತು ಬರೋಕೆ ಹತ್ತು ಹನ್ನೆರಡು ಸೆಕೆಂಡು ಸಾಕು. ಹೊರಟ ಜಾಗ ಕಣ್ಣೆದುರಿಗೇ ಇರುತ್ತೆ, ಸೇರೋ ಜಾಗಾನೂ ಅದೇ.

ಅಪ್ಪ ಆಗ ನಮ್ಮನೇಲೇ ಇದ್ರು, ಈಗ್ಲೂ ನಮ್ಮ ಜೊತೆಗೇ ಇದ್ದಾರೆ. ಅವರು ಕೆಲಸ ಮಾಡಿದ್ದೆಲ್ಲ ರೈಲ್ವೆಯಲ್ಲೇ, ಮೀಟರ್‌ಗೇಜ್ ಕಾಲದ ಸಣ್ಣ ಸಣ್ಣ ಸ್ಟೇಷನ್‌ಗಳಲ್ಲಿ ಪಾಯಿಂಟ್ ತಿರುಗಿಸೋ ಪಾಯಿಂಟ್ಸ್‌ಮನ್ ಆಗಿ. ದಿವಾನ್ ಮೇಲೆ ಕೂತು ನನ್ನ ಒಂಬತ್ತು ಪಾಯಿಂಟನ್ನೂ ಒಂದೊಂದಾಗಿ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಇದ್ರಲ್ಲಿ ಕ್ರಾಸಿಂಗ್ ಎಲ್ಲಿ ಮಾಡ್ಸ್ತೀಯವ್ವ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಅಷ್ಟೆಲ್ಲ ಹಳಿ ಇದ್ರೂ ಎದುರುಬದುರು ಬರೋ ಎರಡು ಗಾಡಿ ಒಂದಕ್ಕೊಂದು ದಾರಿ ಬಿಟ್ಟುಕೊಡೋಕೆ ಸರಿಯಾದ ಒಂದು ಜಾಗ ಇರ್ಲಿಲ್ಲ. ಸಿಂಗಲ್ ಲೈನ್‌ನಲ್ಲಿ ಓಡಾಡಿದ ನಮ್ಮ ಕಡೆಯವರಿಗೆ ಯಾರಿಗೇ ಆಗಲಿ ಕ್ರಾಸಿಂಗ್ ಅನ್ನೋದನ್ನ ಬಿಡಿಸಿ ಹೇಳೋದೇ ಬೇಡ. ಊರು ಕೇರಿ ಏನೂ ಕಾಣದ ಕಡೆ ಗಾಡಿ ನಿಂತುಬಿಡುತ್ತೆ, ಯಾರೋ ಬಾಗಿಲ ಹತ್ರ ಹೋಗಿ ಬಗ್ಗಿ ನೋಡಿ ಬಂದು "ಕ್ರಾಸಿಂಗ್ ಅಂತೆ" ಅಂತಾರೆ, ಕಡ್ಲೆಕಾಯಿ ಪೊಟ್ಟಣ ಬಿಚ್ಚಿಕೊಳ್ತಾರೆ, ಗಾಳಿ ನಿಂತು ಸೆಖೆ ಶುರುವಾಗುತ್ತೆ, ಎಷ್ಟೋ ಹೊತ್ತಿನ ಮೇಲೆ ಪಕ್ಕದ ಹಳಿಯಲ್ಲಿ ಇನ್ನೊಂದು ಗಾಡಿ ದಡದಡ ಅಂತ ಹೋಗುತ್ತೆ, ಆಮೇಲೆ ನಮ್ಮದು ಒಂದು ಸಲ ಜಗ್ಗಿ ಹೊರಡುತ್ತೆ. ನಂಗೆ ಗೊತ್ತಿದ್ದ ರೈಲು ಅಂದ್ರೆ ಅದು. ಹಲಗೆ ಮೇಲೆ ಮಾತ್ರ ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ಹಾಕಿದ್ದೆ.

ಅವತ್ತು ರಾತ್ರೀನೇ ಹಳಿಯೆಲ್ಲ ಕಿತ್ತು ಡಬ್ಬಕ್ಕೆ ಹಾಕಿದೆ.

ನಮ್ಮನೆ ಜಾಗದ ಲೆಕ್ಕ ಹೇಳಿಬಿಡ್ತೀನಿ. ಹತ್ತಡಿ ಹತ್ತಡಿ ರೂಮು, ಅದರಲ್ಲಿ ಒಂದು ದಿವಾನ್, ಒಂದು ಬೀರು, ಮಗಳ ಓದೋ ಟೇಬಲ್ಲು. ಆಟಿಕೆ ರೈಲು ಅಂದ್ರೆ ಹೆಚ್ಚಿನವರು ಮೊದಲು ನೋಡೋದು ಎಚ್‌ಓ ಸ್ಕೇಲ್, ಅಂದ್ರೆ 1:87, ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಹಳಿ ಅಗಲ 16.5 ಮಿ.ಮೀ. ಇಂಜಿನ್ ಕೈ ತುಂಬಾ ಬರುತ್ತೆ, ನೋಡೋಕೆ ಚಂದ. ಆದ್ರೆ ಅದರ ತಿರುವು ದೊಡ್ಡದು. ಅಮೆರಿಕದಲ್ಲಿ ಚಾಲ್ತಿಯಲ್ಲಿರೋ 18 ಇಂಚು ರೇಡಿಯಸ್ ತಗೊಂಡ್ರೆ ಅರ್ಧ ಸುತ್ತು ತಿರುಗೋಕೇ ಮೂರಡಿ ಬೇಕು, ಅಂಚು ಸೇರಿಸಿದ್ರೆ ನಾಲ್ಕಡಿ. ಅದಕ್ಕೇ ಅಲ್ಲಿಯವರು 8x4 ಅಡಿ ಪ್ಲೈವುಡ್ ಶೀಟನ್ನ ಹಾಗೇ ಇಡಿಯಾಗಿ ತಂದು ಅದರ ಮೇಲೆ ಲೇಔಟ್ ಹಾಕ್ತಾರೆ. ನಮ್ಮ ರೂಮಲ್ಲಿ ಅದನ್ನ ಹಾಸಿದ್ರೆ ದಿವಾನ್ ಹೊರಗೆ ಹೋಗ್ಬೇಕು, ಅಪ್ಪ ಮಲಗೋದೆಲ್ಲಿ? ಇನ್ನೂ ಒಂದು ಕಷ್ಟ ಇದೆ. ಗೋಡೆಗೆ ಒತ್ತಿ ಇಟ್ಟ ಹಲಗೆ ಮೇಲೆ ನಮ್ಮ ಕೈ ಆರಾಮಾಗಿ ಹೋಗೋದು ಎರಡೂವರೆ ಅಡಿವರೆಗೆ. ಅದರಾಚೆ ಗಾಡಿ ಹಳಿ ತಪ್ಪಿದ್ರೆ ಎತ್ತೋಕೆ ಲೇಔಟ್ ಮೇಲೇ ಹತ್ಬೇಕು.

ಹಾಗಾಗಿ ಎನ್ ಸ್ಕೇಲ್, 1:160, ಹಳಿ ಅಗಲ 9 ಮಿ.ಮೀ. ಜಪಾನಿನ ಕಾಟೋದವರ ಹಳಿ, ಕೆಳಗೆ ಜಲ್ಲಿ ಥರದ ಪ್ಲಾಸ್ಟಿಕ್ ಅಂಟಿಕೊಂಡೇ ಬರುತ್ತೆ, ತೆಗೆದು ಮತ್ತೆ ಜೋಡಿಸೋಕೆ ಸುಲಭ. ಅದರಲ್ಲಿ ನಾನು ತಗೊಂಡ ತಿರುವು 249 ಮಿ.ಮೀ. ರೇಡಿಯಸ್ಸಿಂದು. 45 ಡಿಗ್ರಿಯ ಎಂಟು ತುಂಡು ಸೇರಿದ್ರೆ ಒಂದು ಸುತ್ತು, ಅಗಲ ಅರ್ಧ ಮೀಟರ್. 2 ಅಡಿ ಹಲಗೆಯಲ್ಲಿ ಎರಡೂ ಕಡೆ ಸ್ವಲ್ಪ ಸ್ವಲ್ಪ ಅಂಚು ಉಳಿಯುತ್ತೆ. 5 ಅಡಿ ಉದ್ದದಲ್ಲಿ ಎರಡು ಕೊನೆಯ ತಿರುವು, ಅಂಚು ಕಳೆದ್ರೆ ನೇರ ಹಳಿಗೆ ಸಿಗೋದು ಸುಮಾರು 87 ಸೆಂ.ಮೀ. ನನ್ನ ಆಸ್ತಿ ಅಷ್ಟೇ, ಮುಂದೆ 87, ಹಿಂದೆ 87.

ಈಗ ನಿಜವಾದ ರೈಲಿನ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಇವತ್ತು ನಮ್ಮ ಬ್ರಾಡ್‌ಗೇಜ್ ಸ್ಟೇಷನ್‌ಗಳ ಲೂಪ್ ಲೈನಲ್ಲಿ, ಅಂದ್ರೆ ಮೇನ್ ಲೈನಿಂದ ಕವಲೊಡೆದು ಮತ್ತೆ ಅದನ್ನೇ ಸೇರೋ ಪಕ್ಕದ ಹಳಿಯಲ್ಲಿ, ಗಾಡಿ ನಿಲ್ಲೋಕೆ ಸಾಮಾನ್ಯವಾಗಿ ಇಟ್ಟಿರೋ ಅಳತೆ 686 ಮೀಟರ್. 160ರಿಂದ ಭಾಗಿಸಿದ್ರೆ 4.3 ಮೀಟರ್, ಅಂದ್ರೆ ನಮ್ಮ ರೂಮಿನ ಗೋಡೆ ದಾಟಿ ಅಡುಗೆಮನೆಗೆ ಹೋಗುತ್ತೆ, ಅದೂ ಬರೀ ಒಂದು ಲೂಪು! ಚೆನ್ನೈನ ಐಸಿಎಫ್ ಕಾರ್ಖಾನೆಯ ಬೋಗಿ ಉದ್ದ 21 ಮೀಟರ್ ಚಿಲ್ಲರೆ, ಎನ್ ಸ್ಕೇಲಲ್ಲಿ 13 ಸೆಂ.ಮೀ. ಅಂಥವು ಐದು ಬೋಗಿ, ಒಂದು ಇಂಜಿನ್ ಸೇರಿದ್ರೆ 80 ಸೆಂ.ಮೀ., ಮುಂದಿನ ನೇರ ಹಳಿ ಪೂರ್ತಿ ಮುಗೀತು. ತಿರುವಿನ ಕಥೆ ಇನ್ನೂ ಕಷ್ಟ. ಬ್ರಾಡ್‌ಗೇಜಲ್ಲಿ ಬಿಡೋ ಅತಿ ಬಿಗಿ ತಿರುವು 175 ಮೀಟರ್ ರೇಡಿಯಸ್, ನನ್ನ 249 ಮಿ.ಮೀ. ತಿರುವನ್ನ 160ರಿಂದ ಗುಣಿಸಿದ್ರೆ 40 ಮೀಟರ್ ಆಗುತ್ತೆ. ಅಂಥ ತಿರುವಲ್ಲಿ ಉದ್ದ ಬೋಗಿ ಬಂದ್ರೆ ಎರಡು ಬೋಗಿಯ ಮೂಲೆಗಳು ಬಾಯಿ ಬಿಟ್ಟುಕೊಂಡು ಕಾಣ್ತವೆ, ಎಷ್ಟೇ ಒಳ್ಳೆ ಮಾಡೆಲ್ ಆದ್ರೂ ಆ ಒಂದು ಕಡೆ ಆಟದ ಸಾಮಾನಾಗಿಬಿಡುತ್ತೆ. ತಿರುವಿನ ರೇಡಿಯಸ್ ಬೋಗಿ ಉದ್ದದ ಮೂರು ಪಟ್ಟಾದ್ರೂ ಇರ್ಬೇಕು ಅಂತ ಈ ಹವ್ಯಾಸದವರು ಹೇಳೋ ಮಾತು ಸರಿಯಾಗಿದೆ. ಹಾಗಾಗಿ ಬೋಗಿ ಆಸೆ ಬಿಟ್ಟೆ, ನಾಲ್ಕು ಚಕ್ರದ ಗಿಡ್ಡ ಗೂಡ್ಸ್ ವ್ಯಾಗನ್ ಹಿಡಿದೆ, ಒಂದೊಂದು ಐದೂವರೆ ಸೆಂ.ಮೀ. ಇಂಜಿನ್ 12, ನಾಲ್ಕು ವ್ಯಾಗನ್ 22, ಒಟ್ಟು 34. ಇಡೀ ಲೇಔಟ್ ಈ 34 ಸೆಂ.ಮೀ. ಮೇಲೆ ನಿಂತಿದೆ. ಗಾಡಿ ಉದ್ದ ಮೊದಲು, ಹಳಿ ಆಮೇಲೆ. ನಾನು ಮೊದಲ ಸಲ ಇದನ್ನ ತಿರುವುಮುರುವು ಮಾಡಿದ್ದೆ.

ಎರಡನೇ ಪ್ಲಾನ್ ನೆಲದ ಮೇಲೆ ಮಾಡಿದೆ. ಕಂಪ್ಯೂಟರಲ್ಲಿ ಮಾಡೋಕೆ ಎಕ್ಸ್‌ಟ್ರಾಕ್‌ಕ್ಯಾಡ್ ಥರದ ಉಚಿತ ಸಾಫ್ಟ್‌ವೇರ್ ಇದೆ, ಅಳತೆ ಬಹಳ ಕರಾರುವಾಕ್ಕು, ಆದ್ರೆ ಪರದೆ ಮೇಲೆ ಇಂಚಿಂಚು ಜಾಗಾನೂ ದೊಡ್ಡದಾಗಿ ಕಾಣುತ್ತೆ, ತುಂಬಿಸೋಣ ಅನ್ಸುತ್ತೆ. ನೆಲದ ಮೇಲೆ ನ್ಯೂಸ್‌ಪೇಪರ್ ಅಂಟಿಸಿ 5x2 ಅಡಿ ಮಾಡಿ, ಹಳಿ ತುಂಡುಗಳನ್ನ ನಿಜವಾಗಿ ಇಟ್ಟು, ವ್ಯಾಗನ್ ನಿಲ್ಸಿ, ನೆಲಕ್ಕೆ ಕೆನ್ನೆ ಒರಗಿಸಿ ಹಳಿ ಎತ್ತರದಿಂದ ನೋಡಿದ್ರೆ ತಪ್ಪು ತಾನಾಗೇ ಕಾಣುತ್ತೆ. ಹಾಗೆ ನೋಡ್ತಾ ಇರುವಾಗ ಮಗಳ ಕಾಲು ತಗುಲಿ ಪೇಪರ್ ಸ್ವಲ್ಪ ಓರೆ ಆಯ್ತು. ಸರಿ ಮಾಡೋಕೆ ಹೋದವಳು ಕೈ ಹಿಂದಕ್ಕೆ ತಗೊಂಡೆ. ಹಲಗೆ ಅಂಚಿಗೆ ಸಮವಾಗಿ ಇದ್ದಾಗ ಹಳಿ ಟ್ರೇನಲ್ಲಿ ಇಟ್ಟ ಹಾಗೆ ಕಾಣ್ತಿತ್ತು, ಮೂರ್ನಾಲ್ಕು ಡಿಗ್ರಿ ಓರೆ ಆದಾಗ ಎಲ್ಲಿಂದಲೋ ಬಂದು ಹಲಗೆ ದಾಟಿ ಎಲ್ಲಿಗೋ ಹೋಗ್ತಿದೆ ಅನ್ನೋ ಹಾಗಾಯ್ತು. ಅದಕ್ಕೆ ಅಂಚು ಕೆಲವು ಕಡೆ ತೀರಾ ಕಮ್ಮಿ ಆಗುತ್ತೆ, ಗಾಡಿ ಬೀಳದ ಹಾಗೆ ಸುತ್ತ ಎರಡಿಂಚು ಎತ್ತರದ ಅಕ್ರಿಲಿಕ್ ಪಟ್ಟಿ ಹೊಡೆಸ್ಬೇಕಾಯ್ತು. ಹೊಡೆಸಿದ್ದಕ್ಕೆ ಒಂಚೂರೂ ಬೇಜಾರಿಲ್ಲ.

ಆಮೇಲೆ ಬಂದದ್ದು ಮುಖ್ಯವಾದ ನಿರ್ಧಾರ, ಹಲಗೆಯನ್ನ ಉದ್ದಕ್ಕೆ ಎರಡು ಭಾಗ ಮಾಡಿ ಮಧ್ಯೆ ಒಂದು ಪರದೆ ಗೋಡೆ ನಿಲ್ಲಿಸೋದು. ಮುಂದೆ ಸ್ಟೇಷನ್, ಹಿಂದೆ ಯಾರಿಗೂ ಕಾಣದ ಇನ್ನೊಂದು ಲೂಪು. ಇರೋ ಎರಡಡಿಯಲ್ಲಿ ಅರ್ಧ ಮುಚ್ಚಿಬಿಡೋದಾ ಅಂತ ನಮ್ಮನೆಯವ್ರು ಕೇಳಿದ್ರು, ಕೇಳೋದು ಸಹಜ. ಆದ್ರೆ ಗಾಡಿ ಮುಂದಿನ ಸ್ಟೇಷನ್ನಿಂದ ಹೊರಟು ತಿರುವಿನ ಹತ್ರ ಮರೆಯಾಗಿ ಹಿಂದೆ ಹೋಗಿ ನಿಂತುಬಿಟ್ರೆ, ಎರಡು ನಿಮಿಷವೋ ಐದು ನಿಮಿಷವೋ ಬರದೇ ಇದ್ರೆ, ನೋಡ್ತಾ ಕೂತವರ ಮನಸ್ಸಲ್ಲಿ ಆ ಐದು ನಿಮಿಷದಷ್ಟು ದೂರ ಹುಟ್ಟುತ್ತೆ. ನಾನು ಹಳಿ ಉದ್ದ ಮಾಡಿ ದೂರ ಮಾಡೋಕೆ ಹೋಗಿದ್ದೆ. ಐದಡಿ ಹಲಗೇಲಿ ಅದು ಆಗೋ ಮಾತಲ್ಲ. ದೂರಾನ ಹೊತ್ತಿನಿಂದ ಮಾಡ್ಬೇಕಿತ್ತು. ಇದು ತಲೆಗೆ ಹೋದ ಮೇಲೆ ಒಂಬತ್ತು ಪಾಯಿಂಟು ಐದಕ್ಕಿಳೀತು: ಮುಂದಿನ ಲೂಪಿಗೆ ಎರಡು, ಹಿಂದಿನದಕ್ಕೆ ಎರಡು, ಗೂಡ್ಸ್ ಶೆಡ್ಡಿನ ಸೈಡಿಂಗಿಗೆ ಒಂದು.

ಮಗಳಿಗೆ ಸೇತುವೆ ಬೇಕಿತ್ತು, ಒಂದು ಗಾಡಿ ಮೇಲೆ ಇನ್ನೊಂದು ಗಾಡಿ ಹೋಗೋ ಥರ. ಕೂತು ಲೆಕ್ಕ ಹಾಕಿದ್ವಿ. ಎನ್ ಸ್ಕೇಲಲ್ಲಿ ಕೆಳಗೆ ಗಾಡಿ ನುಸುಳೋಕೆ ಮೇಲಿನ ಹಳಿ 5 ಸೆಂ.ಮೀ. ಏರ್ಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ಏರೋದು 1:50ರಲ್ಲಿ, ಅಂದ್ರೆ 50 ಮೀಟರ್ ಹೋದ್ರೆ ಒಂದು ಮೀಟರ್, 57 ಸುರಂಗ ಕೊರೆದು, ಬೆಟ್ಟದ ಪಕ್ಕೆ ಹಿಡಿದು ಸುತ್ತಿ ಸುತ್ತಿ ಅಷ್ಟು ಉದ್ದ ಮಾಡಿರೋದೇ ಏರು ಅದಕ್ಕಿಂತ ಕಡಿದಾಗಬಾರದು ಅಂತ. ಅದೇ ಲೆಕ್ಕ ನಮ್ಮ ಹಲಗೆಗೆ ಹಾಕಿದ್ರೆ 5 ಸೆಂ.ಮೀ. ಏರೋಕೆ ಎರಡೂವರೆ ಮೀಟರ್ ಹಳಿ, ಇಳಿಯೋಕೆ ಇನ್ನೆರಡೂವರೆ. ನಮ್ಮ ಇಡೀ ಸುತ್ತು ಇರೋದು 3.3 ಮೀಟರ್. ಅವಳೇ ಕೂಡಿಸಿ ನೋಡಿ "ಆಗಲ್ಲ ಅಲ್ವಾ" ಅಂದಳು. ಅದರ ಬದಲು ರಸ್ತೆಯನ್ನ ಮೇಲೆ ತಗೊಂಡು ಹೋದ್ವಿ. ರಸ್ತೆ ಎಷ್ಟು ಕಡಿದಾಗಿ ಹತ್ತಿದ್ರೂ ನಡೆಯುತ್ತೆ. ಗಾಡಿ ಪರದೆ ಹಿಂದೆ ಹೋಗೋ ತೂತನ್ನ ಆ ರಸ್ತೆ ಸೇತುವೆಯೇ ಮುಚ್ಚಿತು. ಇನ್ನೊಂದು ಕೊನೆಗೆ ಥರ್ಮಾಕೋಲ್ ಗುಡ್ಡ, ಒಂದು ಬಿದಿರು ಮೆಳೆ, ಅಷ್ಟೇ. ಗುಡ್ಡ ಎತ್ತಿಟ್ಟು ಹಲಗೆಯನ್ನ ದಿವಾನ್ ಕೆಳಗೆ ತಳ್ಳಬಹುದು.

ಜಾಗ ಇಲ್ಲದ ಕಡೆ ರೈಲು ಕಟ್ಟೋದಕ್ಕೆ ಡಾರ್ಜಿಲಿಂಗ್ ಲೈನಿಗಿಂತ ಒಳ್ಳೆ ಪಾಠ ಇಲ್ಲ. 1881ರಲ್ಲಿ ಮುಗಿದ ಎರಡಡಿ ಗೇಜಿನ ಹಳಿ, ಹೆಚ್ಚಿನ ಕಡೆ ಗಾಡಿರಸ್ತೆ ಪಕ್ಕದಲ್ಲೇ. ತಿರುಗೋಕೆ ಜಾಗ ಸಿಕ್ಕ ಕಡೆ ಸುತ್ತು ಹಾಕಿ ತನ್ನ ಮೇಲೇ ತಾನು ದಾಟ್ತು, ಅದೂ ಸಿಗದ ಕಡೆ ಮುಂದೆ ಹೋಗಿ, ಹಿಂದಕ್ಕೆ ಬಂದು, ಮತ್ತೆ ಮುಂದೆ ಹೋಗಿ ಹತ್ತಿತು. ನಮ್ಮಲ್ಲೂ ಸುತ್ತು ಹಳಿ ಹಾಕೋಕೂ ಜಾಗ ಇಲ್ಲದವರು ಇರ್ತಾರೆ, ಅವರು ಇಂಗ್ಲೆಂಡಿನ ಅಲನ್ ರೈಟ್ ಮಾಡಿದ ಇಂಗಲ್‌ನುಕ್ ಅನ್ನೋ ಪ್ಲಾನ್ ನೋಡ್ಲೇಬೇಕು. ಬರೀ ಎರಡು ಪಾಯಿಂಟು, ಮೂರು ಸೈಡಿಂಗು, ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತೆ, ಇನ್ನೆರಡರಲ್ಲಿ ಮೂರು ಮೂರು. ಎಂಟು ವ್ಯಾಗನ್ ಇಟ್ಕೊಂಡು ಚೀಟಿ ಎತ್ತಿ, ಬಂದ ಕ್ರಮದಲ್ಲೇ ಐದು ವ್ಯಾಗನ್ ಜೋಡಿಸಿ ಗಾಡಿ ಹೊರಡಿಸ್ಬೇಕು. 6,720 ಥರ ಬರಬಹುದು. ಪುಸ್ತಕದ ಕಪಾಟಿನ ಒಂದು ಹಲಗೆ ಸಾಕು. ನಾವು ಐದು ವ್ಯಾಗನ್ನಿನ ಚಿಕ್ಕದನ್ನ ಓದೋ ಟೇಬಲ್ ಮೇಲೆ ಮಾಡಿದ್ವಿ, ಮೂರು ವ್ಯಾಗನ್ ಜೋಡಿಸೋದು, ಅದರಲ್ಲಿ 60 ಥರ. ಒಂದು ಇಡೀ ಮಳೆಗಾಲ ಅದರಲ್ಲೇ ಹೋಯ್ತು.

ಹೊಸ ಲೇಔಟಿಗೆ ವಾಪಸ್ ಬರ್ತೀನಿ. ಮುಂದಿನ ಲೂಪ್ ಅಳೆದಾಗ ಎರಡು ಪಾಯಿಂಟಿನ ಮಧ್ಯೆ 50 ಸೆಂ.ಮೀ. ಹತ್ತಿರ ಸಿಕ್ತು, 34ರ ಗಾಡಿಗೆ ಧಾರಾಳ ಆಯ್ತು ಅಂದ್ಕೊಂಡೆ, ಆರು ವ್ಯಾಗನ್ ಹಾಕಿ ನಿಲ್ಲಿಸಿದೆ. ಮೇನ್ ಲೈನಲ್ಲಿ ಇನ್ನೊಂದು ಗಾಡಿ ಬಂತು, ಲೂಪಲ್ಲಿ ನಿಂತಿದ್ದ ಕೊನೇ ವ್ಯಾಗನ್ನಿನ ಮೂಲೆಗೆ ಉಜ್ಜಿ ಎರಡೂ ಮಗುಚಿದ್ವು. ಅಪ್ಪ ಎದ್ದು ಬಂದ್ರು. ಅವರಿಗೆ ಮಂಡಿ ನೋವು, ಸಾಮಾನ್ಯವಾಗಿ ಸುಮ್ಸುಮ್ನೆ ಏಳಲ್ಲ. "ಫೌಲಿಂಗ್ ಮಾರ್ಕ್ ಎಲ್ಲಿ ಕಣವ್ವ? ಪಾಯಿಂಟಿಂದ ಪಾಯಿಂಟಿಗೆ ಅಳೀತಾರಾ ಯಾರಾದ್ರೂ?"

ಎರಡು ಹಳಿ ಪಾಯಿಂಟಿನ ಹತ್ರ ಕೂಡೋ ಕಡೆ, ಅದಕ್ಕಿಂತ ಮುಂದೆ ನಿಂತ್ರೆ ಪಕ್ಕದ ಹಳಿಯ ಗಾಡಿಗೆ ತಾಗುತ್ತೆ ಅನ್ನೋ ಜಾಗ ಒಂದಿರುತ್ತಲ್ಲ, ಅಲ್ಲಿ ಎರಡು ಹಳಿ ಮಧ್ಯೆ ನೆಲದಲ್ಲಿ ಒಂದು ಗುರುತಿನ ಕಲ್ಲು, ಬಿಳಿ ಬಣ್ಣ ಬಳಿದಿರ್ತಾರೆ, ಪ್ಲಾಟ್‌ಫಾರಂ ಕೊನೆ ದಾಟಿ ಹೋಗಿ ನೋಡಿದವರಿಗೆ ಗೊತ್ತಿರುತ್ತೆ. ಲೂಪಿನ ಉದ್ದ ಅಂದ್ರೆ ಈ ಕಲ್ಲಿಂದ ಆ ಕಲ್ಲಿಗೆ. ಗಾಡಿ ಪೂರ್ತಿ ಒಳಗೆ ಬಂತಾ ಅಂತ ನೋಡೋದು ಅಪ್ಪನ ಕೆಲಸದಲ್ಲಿ ಒಂದು. ರಾತ್ರಿ ಗೂಡ್ಸ್ ಬಂದ್ರೆ ದೀಪ ಹಿಡ್ಕೊಂಡು ಕೊನೇ ಬ್ರೇಕ್ ವ್ಯಾನ್ ಕಲ್ಲು ದಾಟಿದ್ದನ್ನ ಕಣ್ಣಾರೆ ನೋಡಿದ ಮೇಲೇ ಕೈ ಎತ್ತೋರು.

ಅವರು ಮಾಡಿದ ರೀತಿ ಇನ್ನೂ ಕಣ್ಣಲ್ಲಿದೆ. ಒಂದು ವ್ಯಾಗನ್ ತಗೊಂಡು ಮೇನ್ ಲೈನಲ್ಲಿ ಇಟ್ರು, ಇನ್ನೊಂದನ್ನ ಲೂಪಲ್ಲಿ. ಲೂಪಿಂದನ್ನ ತೋರುಬೆರಳಲ್ಲಿ ಒಂದೊಂದೇ ಕೂದಲೆಳೆಯಷ್ಟು ಪಾಯಿಂಟ್ ಕಡೆ ತಳ್ಳಿದ್ರು, ಎರಡರ ಮಧ್ಯೆ ಒಂದು ಪೋಸ್ಟ್‌ಕಾರ್ಡ್ ನಿಲ್ಲಿಸಿ. ಕಾರ್ಡ್ ಬಿಗಿಯಾದ ತಕ್ಷಣ ನಿಲ್ಲಿಸಿ, ಒಂದು ಬೆರಳು ಅಗಲ ಹಿಂದಕ್ಕೆ ತಂದ್ರು. ಬೆಂಕಿಕಡ್ಡಿಯ ಮದ್ದು ಕೆರೆದು, ಮುರಿದು, ಅರ್ಧ ಸೆಂ.ಮೀ. ತುಂಡಿಗೆ ಮಗಳ ಬಿಳಿ ಪೋಸ್ಟರ್ ಕಲರ್ ಬಳಿದು, ಫೆವಿಕಾಲಲ್ಲಿ ಅದ್ದಿ ಅಲ್ಲಿ ಅಂಟಿಸಿದ್ರು. ನಾಲ್ಕು ಕಡೆಗೂ ಹಾಗೇ, ಯಾರಿಗೂ ಕಾಣದ ಹಿಂದಿನ ಲೂಪಿಗೂ. ಆಮೇಲೆ ಅಳೆದ್ರೆ 50 ಇದ್ದದ್ದು 36 ಸೆಂ.ಮೀ. ಆಗಿತ್ತು. ನಾಲ್ಕು ವ್ಯಾಗನ್, ಒಂದು ಇಂಜಿನ್, ಈ ಕಡೆ ಒಂದು, ಆ ಕಡೆ ಒಂದು ಸೆಂ.ಮೀ. ನೀವು ಲೇಔಟ್ ಮಾಡೋದಾದ್ರೆ ದಯವಿಟ್ಟು ಈ ಕೆಲಸ ಪೇಪರ್ ಮೇಲಿರುವಾಗ್ಲೇ ಮಾಡಿ.

ಸೈಡಿಂಗಿನ ಕೊನೆಗೆ ಮಣ್ಣಿನ ದಿಬ್ಬಾನೂ ಅವರೇ ಮಾಡಿಸಿದ್ದು, ಅದಿಲ್ಲದೆ ಡೆಡ್ ಎಂಡ್ ಬಿಡಬಾರದಂತೆ. ಹಾಸನದ ಕಡೆಯಿಂದ ತಂದ ಕೆಂಪು ಮಣ್ಣು ಒಂದು ಚಮಚ.

ಎಸ್ ಆಕಾರದ ತಿರುವಿನ ಬಗ್ಗೆ ಒಂದು ಮಾತು. ಬಲಕ್ಕೆ ತಿರುಗಿ ತಕ್ಷಣ ಎಡಕ್ಕೆ ತಿರುಗೋ ಕಡೆ ಎರಡು ವ್ಯಾಗನ್ನಿನ ಕಪ್ಲಿಂಗ್ ಕೊಂಡಿಗಳು ಒಂದು ಆ ಕಡೆ, ಒಂದು ಈ ಕಡೆ ಎಳೆದಾಡ್ತವೆ, ಹಗುರ ವ್ಯಾಗನ್ ಹಳಿ ಬಿಡುತ್ತೆ. ಮೊದಲ ಲೇಔಟಲ್ಲಿ ಗಾಡಿ ಯಾವಾಗ್ಲೂ ಬೀಳ್ತಿದ್ದ ಜಾಗ ಅದೇ, ನಾನು ಚಕ್ರ ಒರೆಸಿದ್ದೇ ಒರೆಸಿದ್ದು. ಮಧ್ಯೆ ನಿಮ್ಮ ಅತಿ ಉದ್ದದ ಬೋಗಿಯಷ್ಟು ನೇರ ತುಂಡು ಹಾಕಿ, ಸರಿಹೋಗುತ್ತೆ.

ಕರೆಂಟಿನ ವಿಷಯ. 12 ವೋಲ್ಟ್ ಡಿಸಿ, ಒಂದೇ ಕಂಟ್ರೋಲರ್. ಎರಡು ಇಂಜಿನ್ ಇದ್ರೆ ಎರಡೂ ಒಟ್ಟಿಗೆ ಓಡಲ್ವಾ ಅಂತ ಕೇಳ್ತೀರ. ಪಾಯಿಂಟ್ ಯಾವ ಕಡೆ ತಿರುಗಿದೆಯೋ ಆ ಹಳಿಗೆ ಮಾತ್ರ ಕರೆಂಟ್ ಬಿಡೋ ಥರದ ಪಾಯಿಂಟ್ ತಗೊಂಡ್ರೆ, ಲೂಪಿನ ಎರಡೂ ಕೊನೆಯ ಪಾಯಿಂಟ್ ಮೇನಿಗೆ ಇದ್ದಾಗ ಲೂಪಲ್ಲಿ ಕರೆಂಟೇ ಇರಲ್ಲ, ಅಲ್ಲಿರೋ ಗಾಡಿ ಸುಮ್ನೆ ನಿಂತಿರುತ್ತೆ. ಅಪ್ಪನಿಗೆ ಇದು ಬಹಳ ಹಿಡಿಸ್ತು. ಪಾಯಿಂಟ್ ಹಾಕದೆ ಗಾಡಿ ಅಲ್ಲಾಡಲ್ಲ.

ಆಮೇಲೆ ಟೋಕನ್. ಸಿಂಗಲ್ ಲೈನಲ್ಲಿ ಎರಡು ಸ್ಟೇಷನ್ ಮಧ್ಯೆ ಒಂದು ಹೊತ್ತಿಗೆ ಒಂದೇ ಗಾಡಿ ಇರ್ಬೇಕಲ್ಲ, ಅದಕ್ಕೆ ಎರಡೂ ಸ್ಟೇಷನ್ನಿನ ಮಿಷನ್‌ಗಳಲ್ಲಿ ಉಕ್ಕಿನ ಗುಂಡು ಇರ್ತಿದ್ವು, ಎರಡಕ್ಕೂ ತಂತಿ ಸಂಪರ್ಕ, ಆ ಕಡೆಯವರು ಒಪ್ಪದೆ ಈ ಕಡೆ ಗುಂಡು ಹೊರಗೆ ಬರಲ್ಲ, ಒಂದು ಹೊರಗೆ ಬಂದ ಮೇಲೆ ಅದು ಯಾವುದಾದ್ರೂ ಒಂದು ಮಿಷನ್ನಿಗೆ ವಾಪಸ್ ಹೋಗೋವರೆಗೂ ಇನ್ನೊಂದು ಬರಲ್ಲ. ಆ ಗುಂಡು ಚರ್ಮದ ಚೀಲದಲ್ಲಿ, ಚೀಲ ದೊಡ್ಡ ಬೆತ್ತದ ಬಳೆಗೆ ಕಟ್ಟಿರೋದು. ನಿಲ್ಲದೆ ಹೋಗೋ ಗಾಡಿಯ ಡ್ರೈವರಿಗೆ ಅಪ್ಪ ಆ ಬಳೆ ಎತ್ತಿ ಹಿಡೀಬೇಕು, ಅವರು ತೋಳು ತೂರಿಸಿ ಎಳ್ಕೊಂಡು ಹೋಗ್ತಾರೆ, ಹಿಂದಿನ ಸೆಕ್ಷನ್ನಿನ ಬಳೆ ಬಿಸಾಕ್ತಾರೆ, ಅದನ್ನ ಓಡಿ ಎತ್ಕೋಬೇಕು. ಚಿಕ್ಕವಳಿದ್ದಾಗ ಕೈಮರ ಇಳಿದ ತಕ್ಷಣ ಕ್ವಾರ್ಟರ್ಸಿಂದ ಓಡಿ ಬಂದು ಬೇಲಿ ಹತ್ರ ನಿಲ್ತಿದ್ದೆ, ಅಪ್ಪ ಬಳೆ ಹಿಡಿದು ಕಾಲು ಊರಿ ನಿಲ್ಲೋದನ್ನ ನೋಡೋಕೆ. ಇಂಜಿನ್ ಗಾಳಿಗೆ ಅಂಗಿ ಪಟಪಟ ಅನ್ನೋದು.

ಈಗ ನಮ್ಮನೇಲಿ ಗಾಜಿನ ಗೋಲಿ ಇದೆ, ಹಸಿರುದು, ಒಂದೇ ಒಂದು. ಪರದೆ ಹಿಂದಿನ ಲೂಪು ಅಪ್ಪಂದು, ಅದಕ್ಕೆ ಅವರೇ ಒಂದು ಊರ ಹೆಸರು ಇಟ್ಟಿದ್ದಾರೆ. ಮುಂದಿನ ಸ್ಟೇಷನ್ ಪುಟ್ಟಿದು. ಗೋಲಿ ಯಾರ ಕೈಲಿದೆಯೋ ಆ ಕಡೆಯ ಗಾಡಿ ಮಾತ್ರ ಹೊರಡ್ಬೇಕು. ಕಂಟ್ರೋಲರ್ ನನ್ನ ಹತ್ರ, ನಾನು ಡ್ರೈವರ್, ಗೋಲಿ ಕೊಡದೆ ಮುಟ್ಟೋ ಹಾಗಿಲ್ಲ.

ನಿನ್ನೆ ಸಂಜೆ ಪುಟ್ಟಿ ತನ್ನ ಗೂಡ್ಸನ್ನ ಲೂಪಿಗೆ ತಗೊಂಡಳು. ನೆಲಕ್ಕೆ ಮಂಡಿಯೂರಿ ಬಗ್ಗಿ ಕೊನೇ ವ್ಯಾಗನ್ ಬೆಂಕಿಕಡ್ಡಿ ದಾಟಿದೆಯಾ ನೋಡಿದಳು, ಎರಡೂ ಪಾಯಿಂಟ್ ಮೇನಿಗೆ ಹಾಕಿದಳು, ಪರದೆ ಪಕ್ಕದಿಂದ ಕೈ ಚಾಚಿ ಗೋಲಿಯನ್ನ ತಾತನಿಗೆ ಕೊಟ್ಟಳು. ಆ ಕಡೆಯಿಂದ ಏನೂ ಬರ್ಲಿಲ್ಲ. ಒಂದು ನಿಮಿಷ ಆಯ್ತು. ಅಡುಗೆಮನೇಲಿ ಕುಕ್ಕರ್ ಎರಡು ಸಲ ಕೂಗ್ತು.

"ತಾತ, ಎಷ್ಟೊತ್ತು?"

"ದೂರ ಇದೆ ಕಣವ್ವ, ಈಗ ಹಿಂದಿನ ಸ್ಟೇಷನ್ ಬಿಟ್ಟಿದೆ."

ಅವಳು ಮತ್ತೆ ಕೇಳ್ಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ರಸ್ತೆ ಸೇತುವೆ ಕೆಳಗಿನ ಕತ್ತಲನ್ನೇ ನೋಡ್ತಾ ಕೂತಳು.